ಅಡ್ಮಿಟ್ ಆದ್ರಾ, ಮಾಡ್ಕೊಂಡ್ರಾ, ಒಪ್ಪಿಕೊಂಡ್ರಾ?

ಕೋರ್ಟ್ ಎದುರಿಗೆ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ. ಅಫಿಡವಿಟ್, ನೋಟಿಸಿಗೆ ಉತ್ತರ, ರಜಾ ಚೀಟಿ, ಎಲ್ಲಾ ಬರುತ್ತವೆ. ಜನ ಕನ್ನಡದಲ್ಲಿ ಹೇಳುತ್ತಾರೆ, ನಾನು ಇಂಗ್ಲಿಷಿಗೆ ಹಾಕುತ್ತೇನೆ. 19 ವರ್ಷದಲ್ಲಿ ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಕಾನೂನಿನ ಉದ್ದುದ್ದ ಪದಗಳಲ್ಲ. ಐದೇ ಅಕ್ಷರದ ‘ಅಡ್ಮಿಟ್’.

ಮೊನ್ನೆ ಒಬ್ಬ ಹುಡುಗ ತಾನೇ ಬರೆದ ರಜಾ ಅರ್ಜಿ ತಂದ. ‘ಮೈ ಫಾದರ್ ಅಡ್ಮಿಟೆಡ್ ಇನ್ ಹಾಸ್ಪಿಟಲ್’ ಅಂತಿತ್ತು. ಇಂಗ್ಲಿಷ್ ಬಲ್ಲವರು ಓದಿದರೆ, ಅಪ್ಪ ಆಸ್ಪತ್ರೆಯಲ್ಲಿ ಕೂತು ಏನೋ ತಪ್ಪು ಒಪ್ಪಿಕೊಂಡರು ಅನ್ನುವ ಹಾಗಿದೆ. ಹುಡುಗನದು ದೊಡ್ಡ ತಪ್ಪೇನಲ್ಲ. ನಾವು ‘ಅಪ್ಪ ಅಡ್ಮಿಟ್ ಆದ್ರು’ ಅನ್ನುತ್ತೇವೆ, ಅದನ್ನೇ ಇಂಗ್ಲಿಷಿಗೆ ದಾಟಿಸಿದ್ದ ಅಷ್ಟೇ.

ಇಲ್ಲಿ ನಮ್ಮ ಕನ್ನಡವೇ ದಾರಿ ತೋರಿಸುತ್ತದೆ. ಮನೆಯವರು ‘ಅಡ್ಮಿಟ್ ಮಾಡಿದ್ವಿ’ ಅನ್ನುತ್ತಾರೆ. ಆಸ್ಪತ್ರೆಯವರು ‘ಅಡ್ಮಿಟ್ ಮಾಡ್ಕೊಂಡ್ರು’. ಆ ‘ಕೊಂಡ್ರು’ ಇದೆಯಲ್ಲ, ಇಂಗ್ಲಿಷಿನ ಅಡ್ಮಿಟ್ ಅಂದರೆ ಅದು. ಒಳಗೆ ಬಿಟ್ಟುಕೊಳ್ಳುವವರು ಮಾಡುವ ಕೆಲಸ. ಲ್ಯಾಟಿನ್ ಮೂಲದಲ್ಲೂ ಅರ್ಥ ಅದೇ: ಒಳಕ್ಕೆ ಬಿಡುವುದು. ಹಾಗಾಗಿ ರೋಗಿಯ ಕಡೆಯಿಂದ ಬರೆಯುವಾಗ ‘ವಾಸ್’ ಸೇರಿಸಲೇಬೇಕು: ‘ಮೈ ಫಾದರ್ ವಾಸ್ ಅಡ್ಮಿಟೆಡ್ ಟು ಹಾಸ್ಪಿಟಲ್’. ನಾವೇ ಓಡಾಡಿ ಸೇರಿಸಿದ್ದು ಅಂತ ಹೇಳಬೇಕಿದ್ದರೆ ‘ವಿ ಗಾಟ್ ಹಿಮ್ ಅಡ್ಮಿಟೆಡ್’. ಮುಂದೆ ‘ಟು’ ಹಾಕಿ, ‘ಇನ್’ ಬೇಡ. ಸ್ಕೂಲು, ಕಾಲೇಜಿಗೂ ಇದೇ ಲೆಕ್ಕ.

ಇನ್ನು ಕಾಗುಣಿತ. ಅಡ್ಮಿಟೆಡ್‌ಗೆ ಟಿ ಎರಡು ಸಲ. ವಿಸಿಟೆಡ್‌ಗೆ ಒಂದೇ. ಬಾಯಿಬಿಟ್ಟು ಹೇಳಿ ನೋಡಿ: ವಿಸಿಟ್‌ನಲ್ಲಿ ಒತ್ತು ಮೊದಲಿಗೆ ಬೀಳುತ್ತದೆ, ಅಡ್ಮಿಟ್‌ನಲ್ಲಿ ಕೊನೆಗೆ. ಒತ್ತು ಕೊನೆಗೆ ಬಿದ್ದಾಗ ಟಿ ಜೋಡಿಯಾಗುತ್ತದೆ.

ನಿಜವಾದ ತಲೆನೋವು ಎರಡನೇ ಅರ್ಥದ್ದು, ಒಪ್ಪಿಕೊಳ್ಳುವುದು. ನಮ್ಮ ‘ಒಪ್ಪು’ ಬಹಳ ಉದಾರಿ. ಮದುವೆಗೆ ಒಪ್ಪಿದೆ, ಸಾಲ ಒಪ್ಪಿಕೊಂಡೆ, ಕೆಲಸ ಒಪ್ಪಿಕೊಂಡೆ, ತಪ್ಪು ಒಪ್ಪಿಕೊಂಡೆ, ಎಲ್ಲಕ್ಕೂ ಒಂದೇ ಬೇರು. ಇಂಗ್ಲಿಷಿನಲ್ಲಿ ಮನೆಗಳೇ ಬೇರೆ. ಮದುವೆಗೆ ‘ಅಗ್ರೀ’, ಕೆಲಸಕ್ಕೆ ‘ಅಕ್ಸೆಪ್ಟ್’, ತಪ್ಪಿಗೆ ‘ಅಡ್ಮಿಟ್’. ನಾನು ಹಿಡಿದಿರುವ ಗುರುತು ಇಷ್ಟು: ಹೇಳುವವನಿಗೆ ಆ ಮಾತಿನಿಂದ ಏನಾದರೂ ನಷ್ಟ, ಮುಜುಗರ, ಹಿಂಜರಿಕೆ ಇದೆಯಾ? ಇದ್ದರೆ ಮಾತ್ರ ಅಡ್ಮಿಟ್.

ಈ ಗುರುತು ನನಗೆ ಸುಮ್ನೆ ಸಿಕ್ಕಿದ್ದಲ್ಲ. ಅಂಗಡಿ ಹಾಕಿದ ಹೊಸತು. ಒಬ್ಬ ವ್ಯಾಪಾರಿ ನೋಟಿಸಿಗೆ ಉತ್ತರ ಬರೆಸಲು ಬಂದಿದ್ದರು. ‘2 ಲಕ್ಷಕ್ಕೆ ಮಾತು ಒಪ್ಪಿದ್ದೆ ಸ್ವಾಮಿ, ಆದರೆ ಮಾಲೇ ಬರಲಿಲ್ಲ’ ಅಂದರು. ನಾನು ಜೋರಾಗಿ ‘ಮೈ ಕ್ಲೈಂಟ್ ಅಡ್ಮಿಟ್ಸ್ ದಿ ಸಮ್ ಆಫ್ ರುಪೀಸ್ 2 ಲ್ಯಾಕ್ಸ್’ ಅಂತ ಕುಟ್ಟಿದೆ. ವಕೀಲರು ಸಹಿ ಮಾಡುವ ಮೊದಲು ಓದಿದರು, ಸದ್ಯ. ಕೆಂಪು ಪೆನ್ನಲ್ಲಿ ಆ ಸಾಲಿಗೆ ಸುತ್ತು ಹಾಕಿ, ‘ಅವನು ಒಪ್ಪಂದ ಮಾಡಿಕೊಂಡೆ ಅಂದಿದ್ದು ಕಣಯ್ಯ. ನೀನು ಅವನ ತಲೆ ಮೇಲೆ ಸಾಲ ಹೊರಿಸಿದ್ದೀಯ’ ಅಂದರು.

ಅವರು ಹೆದರಿದ್ದಕ್ಕೆ ಕಾರಣ ಇತ್ತು. ಸಾಲದ ಬಾಕಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿ ಮುಗಿಯುವ ಮೊದಲು ‘ಬಾಕಿ ಇದೆ’ ಅಂತ ಬರೆದು ಸಹಿ ಹಾಕಿದರೆ, 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಅಲ್ಲಿಂದ ಹೊಸದಾಗಿ ಎಣಿಕೆ ಶುರು. ಈ ಕಲಮು ಬಳಸುವ ಪದ ‘ಅಕ್ನಾಲೆಜ್‌ಮೆಂಟ್’. ದಿನಬಳಕೆಯಲ್ಲಿ ಇದು ಸಾಧು ಪದ. ಪತ್ರ ತಲುಪಿದೆ ಅನ್ನುವುದಕ್ಕೆ ‘ಅಕ್ನಾಲೆಜ್’ ಸಾಕು. ‘ಐ ಅಡ್ಮಿಟ್ ಯುವರ್ ಲೆಟರ್’ ಅಂತ ಬರೆದವರನ್ನೂ ನೋಡಿದ್ದೇನೆ. ಪತ್ರ ತಗೊಂಡಿದ್ದೇನು ಅಪರಾಧವಾ?

ದಾವೆಯ ಉತ್ತರದಲ್ಲಿ ಈ ಪದಕ್ಕೆ ಇನ್ನೂ ಮೊನಚು. ವಾದಿ ಪ್ಯಾರಾ ಪ್ಯಾರಾ ಬರೆದಿದ್ದಕ್ಕೆ ಪ್ರತಿವಾದಿ ‘ಅಡ್ಮಿಟೆಡ್’ ಅಥವಾ ‘ಡಿನೈಡ್’ ಅಂತ ಒಂದೊಂದಕ್ಕೂ ಹೇಳಬೇಕು. ಸ್ಪಷ್ಟವಾಗಿ ಅಲ್ಲಗಳೆಯದೆ ಬಿಟ್ಟಿದ್ದನ್ನು ಕೋರ್ಟು ಒಪ್ಪಿಕೊಂಡ ಹಾಗೇ ಅಂತ ತಿಳಿಯಬಹುದು. ಕಟಕಟೆಯಲ್ಲಿ ಮಾತ್ರ ಸಾಕ್ಷಿಯ ಹೇಳಿಕೆ ನಮ್ಮ ಭಾಷೆಯಲ್ಲೇ ಇರುತ್ತದೆ: ‘ಜಮೀನು ನನ್ನ ಸ್ವಾಧೀನದಲ್ಲಿ ಇರಲಿಲ್ಲ ಎಂದರೆ ಸರಿ’. ಆ ‘ಎಂದರೆ ಸರಿ’ ವಾದಿಯ ಬಾಯಿಂದ ಬಂದರೆ ಎದುರು ವಕೀಲರ ಮುಖ ಅರಳುತ್ತದೆ. ಅವರಿಗೆ ಸಿಕ್ಕಿದ್ದು ಒಂದು ‘ಅಡ್ಮಿಷನ್’. ಅಪರಾಧವನ್ನೇ ಒಪ್ಪಿಕೊಂಡರೆ ಅದು ‘ಕನ್ಫೆಷನ್’, ನಮ್ಮ ತಪ್ಪೊಪ್ಪಿಗೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡಲು ಬಿಡುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸದರಲ್ಲೂ ಹಾಗೇ ಇದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅದನ್ನು ಅಡ್ಮಿಟ್ ಅನ್ನಬಹುದಾ ಅಂತ ಒಬ್ಬ ಜೂನಿಯರ್ ಕೇಳಿದ್ದ. ಇಲ್ಲಪ್ಪ, ಸಿಕ್ಕಿಬಿದ್ದ ಅಷ್ಟೇ. ‘ಹೌದು, ಕದ್ದೆ’ ಅಂದಿದ್ದರೆ ಮಾತ್ರ ಅಡ್ಮಿಟ್.

ಕದ್ದೆ ಅಂತ ಒಪ್ಪಿಕೊಂಡಾಗ ವಾಕ್ಯ ಹೀಗೆ: ‘ಹಿ ಅಡ್ಮಿಟೆಡ್ ಸ್ಟೀಲಿಂಗ್ ಇಟ್’. ‘ಅಡ್ಮಿಟೆಡ್ ಟು ಸ್ಟೀಲಿಂಗ್’ ಅಂದರೂ ನಡೆಯುತ್ತದೆ. ‘ಅಡ್ಮಿಟೆಡ್ ಟು ಸ್ಟೀಲ್’ ನಡೆಯುವುದಿಲ್ಲ. ನನ್ನ ಹತ್ತಿರ ಒಪ್ಪಿಕೊಂಡ ಅನ್ನಲು ‘ಅಡ್ಮಿಟೆಡ್ ಟು ಮಿ ದಟ್’ ಬೇಕು. ನಡುವಿನ ‘ಟು’ ಬಿಟ್ಟರೆ, ನನ್ನನ್ನೇ ಯಾವುದೋ ವಾರ್ಡಿಗೆ ಸೇರಿಸಿದ ಹಾಗಾಗುತ್ತದೆ.

‘ಅಡ್ಮಿಟೆನ್ಸ್’ ಅನ್ನುವ ಇನ್ನೊಂದು ಪದ ಉಂಟು. ಬರೀ ಕಾಲಿಟ್ಟು ಒಳಗೆ ಹೋಗುವುದು ಅದು. ಡಿಪ್ಲೊಮಾ ಓದುವವರಿಗೆ ವಿದ್ಯುತ್ತಿನ ಪಾಠದಲ್ಲೂ ಸಿಗುತ್ತದೆ, ಕರೆಂಟು ಹರಿಯಲು ಎದುರಾಗುವ ಅಡ್ಡಿ, ಅಂದರೆ ಇಂಪೀಡೆನ್ಸ್‌ನ ತಲೆಕೆಳಗು. ತಪ್ಪೊಪ್ಪಿಗೆಗೆ, ಸ್ಕೂಲಿನ ಸೀಟಿಗೆ ಇದನ್ನು ಬಳಸಬೇಡಿ. ಅಲ್ಲಿ ಅಡ್ಮಿಷನ್ನೇ. ನಮ್ಮ ಕಡೆ ಬಾಗಿಲ ಮೇಲಿನ ಬೋರ್ಡುಗಳಲ್ಲಿ ‘ನೋ ಅಡ್ಮಿಷನ್ ವಿದೌಟ್ ಪರ್ಮಿಷನ್’ ಅಂತಿರುತ್ತದೆ. ತಪ್ಪೇನಿಲ್ಲ, ಪ್ರಾಸವೂ ಚೆನ್ನಾಗಿದೆ. ನನ್ನ ಅಂಗಡಿಗೂ ಅದೇ ಅಂಟಿಸಿದ್ದೇನೆ. ಆದರೂ ಎಲ್ಲರೂ ಒಳಗೆ ಬಂದು, ನನ್ನ ಕುರ್ಚಿ ಹಿಂದೆ ನಿಂತೇ ಟೈಪ್ ಮಾಡಿಸುತ್ತಾರೆ.