ಟೋಪಿ ಹಾಕಿಸಿಕೊಳ್ಳದೆ ಒಂದು ಒಳ್ಳೆ ಹ್ಯಾಟ್ ಮಾಡಿಸುವುದು ಹೇಗೆ?

ಡಲ್ಲಾಸ್‌ಗೆ ಬಂದ ಎರಡನೇ ವರ್ಷ ನನಗೆ ಹ್ಯಾಟ್ ಹುಚ್ಚು ಹಿಡಿಯಿತು. ಆನ್‌ಲೈನ್‌ನಲ್ಲಿ ಚಂದದ ಫೋಟೊ ನೋಡಿ, ತಲೆಯ ಸುತ್ತಳತೆ ಒಂದನ್ನೇ ಟೈಪ್ ಮಾಡಿ, ದುಡ್ಡು ಪೂರ್ತಿ ಕಟ್ಟಿದೆ. ಐದು ತಿಂಗಳಾದ ಮೇಲೆ ಡಬ್ಬ ಬಂತು. ಹಾಕಿಕೊಂಡರೆ ಹಣೆಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ. ಕಿವಿಯ ಮೇಲೆ ಮಾತ್ರ ಎರಡೂ ಕಡೆ ಬೆರಳು ತೂರುವಷ್ಟು ಸಂದು. ವಾಪಸ್ ತಗೊಳ್ಳಿ ಅಂದರೆ, ನಿಮಗಾಗಿಯೇ ಮಾಡಿದ್ದು, ಆಗಲ್ಲ ಅಂದರು. ಕನ್ನಡದಲ್ಲಿ ‘ಟೋಪಿ ಹಾಕೋದು’ ಅನ್ನುವ ಮಾತು ಸುಮ್ನೆ ಹುಟ್ಟಿಲ್ಲ.

ಎರಡನೇ ಹ್ಯಾಟ್ ಮಾಡಿಸುವ ಮುಂಚೆ ಒಂದು ವರ್ಷ ಅಂಗಡಿ ಅಂಗಡಿ ಸುತ್ತಿದೆ, ಕೇಳಿದೆ, ಮುಟ್ಟಿ ನೋಡಿದೆ. ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಈ ದಾರಿಗೆ ಬಂದರೆ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಫೆಲ್ಟ್ ಬೇಕಾ ಯೋಚಿಸಿ

ಟೆಕ್ಸಸ್‌ನಲ್ಲಿ ಬೇಸಿಗೆಗೆ ಹುಲ್ಲಿನ ಹ್ಯಾಟ್, ಚಳಿಗೆ ಫೆಲ್ಟ್, ಅಂದರೆ ನೇಯದೆ ಕೂದಲನ್ನೇ ಒತ್ತಿ ಗಟ್ಟಿ ಮಾಡಿದ ದಪ್ಪ ಬಟ್ಟೆಯ ಹ್ಯಾಟ್. ಸೆಪ್ಟೆಂಬರ್‌ನ ಲೇಬರ್ ಡೇ ಬಂದರೆ ಹುಲ್ಲಿನದು ಅಟ್ಟಕ್ಕೆ, ಈಸ್ಟರ್ ಬಂದರೆ ಫೆಲ್ಟ್ ಅಟ್ಟಕ್ಕೆ ಅನ್ನುವುದು ಇಲ್ಲಿನ ಹಳಬರ ಲೆಕ್ಕ. ಜುಲೈ ಬಿಸಿಲಿಗೆ ನೆತ್ತಿ ಕಾಪಾಡಿಕೊಳ್ಳಬೇಕು ಅಷ್ಟೇ ಅಂದರೆ ಒಂದು ಒಳ್ಳೆ ಹುಲ್ಲಿನ ಹ್ಯಾಟ್ ಸಾಕು. ಖರ್ಚೂ ಕಮ್ಮಿ.

ಇನ್ನೊಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಫರ್ ಫೆಲ್ಟ್ ಕುರಿ ಉಣ್ಣೆಯ ಹಾಗೆ ಕತ್ತರಿಸಿ ತೆಗೆದದ್ದಲ್ಲ. ಮೊಲ, ಕಾಡುಮೊಲ, ನೀರಿನ ಹತ್ತಿರ ಬದುಕುವ ದೊಡ್ಡ ಇಲಿಯಂಥ ಬೀವರ್, ನ್ಯೂಟ್ರಿಯಾ, ಇಂಥ ಪ್ರಾಣಿಗಳ ಚರ್ಮದಿಂದ ತೆಗೆದ ಒಳತುಪ್ಪಳ ಅದು. ಪ್ರಾಣಿ ಸಾಯುತ್ತದೆ. ನಮ್ಮ ಮನೆಯಲ್ಲೇ ಇದಕ್ಕೆ ಒಪ್ಪದವರು ಇದ್ದಾರೆ, ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಮಗೂ ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸಿ.

ಫೆಲ್ಟ್ ಅನ್ನು ಅರ್ಥ ಮಾಡಿಕೊಳ್ಳಿ

ನಮ್ಮ ಕಂಬಳಿ ನೂಲು ತೆಗೆದು ನೇಯ್ದದ್ದು. ಫೆಲ್ಟ್‌ನಲ್ಲಿ ನೂಲೂ ಇಲ್ಲ, ಮಗ್ಗವೂ ಇಲ್ಲ. ಎಣ್ಣೆ ಕಾಣದ ತಲೆಗೂದಲು ಸಿಕ್ಕುಗಟ್ಟಿ ಜಡೆಯಾಗುತ್ತದಲ್ಲ, ಅದೇ ಕತೆ. ಈ ತುಪ್ಪಳದ ಒಂದೊಂದು ಎಳೆಯ ಮೇಲೂ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರ ಇರುತ್ತದೆ. ಬಿಸಿ, ನೀರು, ಒತ್ತಡ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಗೆ ಕೂಡಿಕೊಳ್ಳುತ್ತವೆ. ತೂತಿರುವ ದೊಡ್ಡ ಶಂಕುವಿನ ಮೇಲೆ ತುಪ್ಪಳ ಹಾರಿಸಿ ಕೂರಿಸಿ, ಬಿಸಿನೀರಲ್ಲಿ ಕುಗ್ಗಿಸುತ್ತಾ ಹೋಗುತ್ತಾರೆ. ಕೊನೆಗೆ ಉಳಿಯುವುದು ಮೊದಲಿನ ಅರ್ಧಕ್ಕಿಂತ ಚಿಕ್ಕದು, ಆದರೆ ಗಟ್ಟಿ.

ಅಗ್ಗದ ಹ್ಯಾಟ್‌ಗಳು ಉಣ್ಣೆ ಫೆಲ್ಟ್‌ನವು. ನಾಲ್ಕು ಮಳೆ ಕಂಡರೆ ಕುಗ್ಗುತ್ತವೆ, ಅಂಚು ಜೋತುಬೀಳುತ್ತದೆ. ಮೊಲದ ಫೆಲ್ಟ್ ಎಷ್ಟೋ ವಾಸಿ. ಆಸ್ಟ್ರೇಲಿಯಾದ ಅಕುಬ್ರಾ ಹ್ಯಾಟ್‌ಗಳು ಮೊಲದವೇ, ಅಲ್ಲಿನ ದನಗಾಹಿಗಳು ವರ್ಷಗಟ್ಟಲೆ ಬಳಸುತ್ತಾರೆ. ಎಲ್ಲಕ್ಕಿಂತ ಮೇಲಿನದು ಬೀವರ್. ಅದು ಹೆಚ್ಚು ಹೊತ್ತು ನೀರಲ್ಲೇ ಕಳೆಯುವ ಪ್ರಾಣಿ, ತುಪ್ಪಳ ದಟ್ಟ. ತೆಳ್ಳಗೆ ಮಾಡಿದರೂ ಬಿಗಿಯಾಗಿರುತ್ತದೆ, ಮಳೆಗೂ ಬಗ್ಗುವುದಿಲ್ಲ.

ಈಗ ಹ್ಯಾಟ್ ಒಳಗೆ ಮುದ್ರಿಸಿರುವ ‘ಎಕ್ಸ್’ ಗುರುತಿನ ವಿಚಾರ. ಸ್ಟೆಟ್ಸನ್ ಅನ್ನುವ ಹೆಸರಾಂತ ಹ್ಯಾಟ್ ಕಂಪನಿಯಲ್ಲಿ 6 ಎಕ್ಸ್ ಇದೆ, 100 ಎಕ್ಸ್ ಕೂಡ ಇದೆ. ಎಕ್ಸ್ ಜಾಸ್ತಿ ಆದಷ್ಟೂ ಫೆಲ್ಟ್ ಚೆನ್ನ, ಇದು ಒಂದೇ ಕಂಪನಿಯೊಳಗೆ ನಿಜ. ಆದರೆ ಎಲ್ಲರಿಗೂ ಅನ್ವಯಿಸುವ ಅಳತೆ ಯಾವುದೂ ಇಲ್ಲ. ಒಬ್ಬರ 20 ಎಕ್ಸ್ ಇನ್ನೊಬ್ಬರ 10 ಎಕ್ಸ್‌ಗೆ ಸಮ ಇರಬಹುದು. ಅದಕ್ಕೇ ಎಕ್ಸ್ ಎಷ್ಟು ಅಂತ ಕೇಳಬೇಡಿ. ಬೀವರ್ ಶೇಕಡಾ ಎಷ್ಟು, ಉಳಿದದ್ದು ಏನು ಅಂತ ಕೇಳಿ.

ಬಾಡಿ ಎಲ್ಲಿಯದು ಅಂತ ಕೇಳಿ

ಇದು ನನಗೆ ತುಂಬಾ ತಡವಾಗಿ ಗೊತ್ತಾಯಿತು. ಕೈಯಲ್ಲಿ ಹ್ಯಾಟ್ ಮಾಡುವವರಲ್ಲಿ ಹೆಚ್ಚಿನವರು ಫೆಲ್ಟ್ ತಾವೇ ಮಾಡುವುದಿಲ್ಲ. ದರ್ಜಿ ಬಟ್ಟೆ ನೇಯುವುದಿಲ್ಲವಲ್ಲ, ಹಾಗೆ. ಒರಟು ಆಕಾರದ ಫೆಲ್ಟ್ ಅನ್ನು ದೊಡ್ಡ ಕಾರ್ಖಾನೆಯಿಂದ ತರಿಸುತ್ತಾರೆ, ಅದಕ್ಕೆ ‘ಬಾಡಿ’ ಅನ್ನುತ್ತಾರೆ. ಟೆನೆಸಿಯ ವಿಂಚೆಸ್ಟರ್‌ನಲ್ಲಿ ಒಂದು ಕಾರ್ಖಾನೆ ಇದೆ. ಪೋರ್ಚುಗಲ್‌ನ ಫೆಪ್ಸಾ, ಚೆಕ್ ದೇಶದ ಟೊನಾಕ್ ಕೂಡ ಈ ಕಸುಬಿನಲ್ಲಿ ಹೆಸರಿರುವವು. ಒಳ್ಳೆಯ ಕೆಲಸಗಾರ ಇದನ್ನು ಮುಚ್ಚಿಡುವುದಿಲ್ಲ. ಬಾಡಿ ಇಂಥ ಕಡೆಯದು, ಇಷ್ಟು ತೂಕದ್ದು ಅಂತ ಥಟ್ಟನೆ ಹೇಳುತ್ತಾನೆ. ‘ನಮ್ಮದೇ ವಿಶೇಷ ಫೆಲ್ಟ್, ಅದು ಗುಟ್ಟು’ ಅಂದರೆ ನಾನು ಜೇಬಿಗೆ ಕೈ ಹಾಕುವುದಿಲ್ಲ.

ಆಮೇಲೆ, ಆ ಬಾಡಿಗೆ ಅವರು ಮಾಡುವ ಕೆಲಸ ಏನು? ಆವಿಯಲ್ಲಿ ಮೆತ್ತಗೆ ಮಾಡಿ, ನಿಮ್ಮ ಸೈಜಿನ ಮರದ ಅಚ್ಚಿನ ಮೇಲೆ ಎಳೆದು ಕೂರಿಸಬೇಕು. ಒಣಗಿಸಿ, ಇಸ್ತ್ರಿ ಹಾಕಿ, ಒರಟಿನಿಂದ ನಯದವರೆಗೆ ಬೇರೆ ಬೇರೆ ಉಪ್ಪುಕಾಗದದಲ್ಲಿ ಉಜ್ಜಬೇಕು. ಅಂಚನ್ನು ಚಪ್ಪಟೆ ಮಾಡಿ ಕತ್ತರಿಸಬೇಕು. ಇಷ್ಟೂ ಮಾಡುವವರು ಹ್ಯಾಟ್ ಮಾಡುವವರು. ಈಚೆಗೆ ಮಾಲ್‌ಗಳಲ್ಲಿ ‘ಹ್ಯಾಟ್ ಬಾರ್’ ಅಂತ ಬಂದಿದೆ. ಸಿದ್ಧ ಹ್ಯಾಟ್‌ಗೆ ನಿಮ್ಮ ಕಣ್ಣೆದುರೇ ರಿಬ್ಬನ್ ಕಟ್ಟಿ, ಗರಿ ಸಿಕ್ಕಿಸಿ, ಅಂಚಿಗೆ ಒಂದಿಷ್ಟು ಬೆಂಕಿ ತಾಗಿಸಿ ಕೊಡುತ್ತಾರೆ. ಮಜಾ ಇರುತ್ತದೆ, ಮಕ್ಕಳಿಗಂತೂ ಖುಷಿ. ಆದರೆ ಅದು ಅಲಂಕಾರ. ಅದಕ್ಕೆ ಕಸ್ಟಮ್ ಹ್ಯಾಟ್‌ನ ಬೆಲೆ ಕೊಡಬೇಡಿ.

ಕೈಯಲ್ಲಿ ಹಿಡಿದು ನೋಡಿ

ಸಾಧ್ಯವಿದ್ದರೆ ಅಂಗಡಿಗೇ ಹೋಗಿ. ಅವರು ಮಾಡಿದ ಒಂದು ಹ್ಯಾಟ್ ತೆಗೆದುಕೊಂಡು ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ. ಬೆಕ್ಕಿನ ಮರಿಯ ಕಿವಿಯ ಹಾಗಿರಬೇಕು, ಮೆತ್ತಗೆ, ಆದರೆ ಒಳಗೊಂದು ಬಿಗಿ. ಹಪ್ಪಳದ ಹಾಗೆ ಗಟ್ಟಿಯಾಗಿದ್ದರೆ ಗಟ್ಟಿ ಮಾಡುವ ಅಂಟು ಜಾಸ್ತಿ ಬಿದ್ದಿದೆ ಅಂತ ಅರ್ಥ. ಅಂದಹಾಗೆ, ಆ ಅಂಟು ಬಹಳ ಕಡೆ ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗು ಇಲ್ಲಿ ಕೌಬಾಯ್ ಹ್ಯಾಟ್‌ನ ಅಂಚನ್ನು ಎತ್ತಿ ನಿಲ್ಲಿಸುತ್ತದೆ. ಸ್ವಲ್ಪ ಬೇಕು, ದೊಡ್ಡ ಅಂಚಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಸಡಿಲ ಫೆಲ್ಟ್‌ನ ಹುಳುಕು ಮುಚ್ಚುವುದಕ್ಕೆ ಬಳಿದಿದ್ದರೆ ಮಾತ್ರ ತೊಂದರೆ.

ತಿಳಿ ಬಣ್ಣದ ಹ್ಯಾಟ್ ಆದರೆ ಅಂಗೈಗೆ ಮೆಲ್ಲಗೆ ಬಡಿಯಿರಿ. ಪುಡಿ ಉದುರಿದರೆ ಕಲೆ ಮುಚ್ಚುವುದಕ್ಕೆ ಪೌಡರ್ ಹಾಕಿದ್ದಾರೆ. ಬೆಳಕಿಗೆ ಹಿಡಿದು ನೋಡಿ, ಎಲ್ಲೂ ತೆಳುವಾದ ಜಾಗ ಇರಬಾರದು. ಆಮೇಲೆ ಒಳಗೆ ತಿರುಗಿಸಿ. ಹಣೆಗೆ ತಾಗುವ ಪಟ್ಟಿ ನಿಜವಾದ ಚರ್ಮದ್ದಾ? ಹೊಲಿಗೆ ಹಾಕಿದ್ದಾರಾ, ಅಂಟಿಸಿದ್ದಾರಾ? ಹೊರಗಿನ ರಿಬ್ಬನ್ ಕೈಹೊಲಿಗೆಯದಾ? ನನ್ನ ಮೊದಲ ಹ್ಯಾಟ್‌ನ ರಿಬ್ಬನ್ ಅಂಟಿನದು. ಒಂದು ಬೇಸಿಗೆ ಕಾರಲ್ಲಿ ಬಿಟ್ಟೆ, ಬಿಚ್ಚಿಕೊಂಡು ಜೋತಾಡತೊಡಗಿತು.

ಪಾದರಸದ ಭಯ ಬೇಡ. ಹಿಂದೆ ತುಪ್ಪಳ ಹದ ಮಾಡುವುದಕ್ಕೆ ಪಾದರಸದ ನೈಟ್ರೇಟ್ ಬಳಸುತ್ತಿದ್ದರು, ಕೆಲಸಗಾರರ ಕೈ ನಡುಗಿ ಬುದ್ಧಿ ಕೆಡುತ್ತಿತ್ತು. ಹ್ಯಾಟ್ ಊರು ಅಂತಲೇ ಹೆಸರಾಗಿದ್ದ ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ ಈ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಅಮೆರಿಕದಲ್ಲಿ 1941ರ ಡಿಸೆಂಬರ್‌ನಿಂದ ಅದನ್ನು ನಿಲ್ಲಿಸಿದ್ದಾರೆ. ಅಜ್ಜನ ಕಾಲದ ಹಳೇ ಹ್ಯಾಟ್ ಕೊಳ್ಳುವವರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ.

ಅಳತೆ: ಇಲ್ಲೇ ಎಲ್ಲರೂ ಎಡವುವುದು

ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು 3.14ರಿಂದ ಭಾಗಿಸಿದರೆ ಅಮೆರಿಕದ ಸೈಜು ಬರುತ್ತದೆ. 58 ಸೆಂಟಿಮೀಟರ್ ತಲೆ ಅಂದರೆ ಏಳೂಕಾಲು. ಒಂದೊಂದು ಸೈಜಿಗೂ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ವ್ಯತ್ಯಾಸ. ಇದು ಸುಲಭ. ಆದರೆ 58 ಸೆಂಟಿಮೀಟರಿನ ಎರಡು ತಲೆಗಳು ಬೇರೆ ಬೇರೆ ಆಕಾರದಲ್ಲಿರುತ್ತವೆ. ಒಂದು ಉದ್ದಕ್ಕೆ ಮೊಟ್ಟೆ, ಇನ್ನೊಂದು ದುಂಡಗೆ ಚೆಂಡು. ನನ್ನದು ಉದ್ದದ ತಲೆ. ಅದಕ್ಕೇ ಆ ಮೊದಲ ಹ್ಯಾಟ್ ಹಣೆಯಲ್ಲಿ ಕಚ್ಚಿ, ಪಕ್ಕದಲ್ಲಿ ಬಾಯಿ ಬಿಟ್ಟಿತ್ತು.

ಫೋರ್ಟ್ ವರ್ತ್ ಕಡೆಯ ಒಂದು ಪುಟ್ಟ ಅಂಗಡಿಯಲ್ಲಿ ಹ್ಯಾಟ್ ಮಾಡುವ ಒಬ್ಬ ಅಜ್ಜ ನನ್ನ ತಲೆ ಮೇಲೆ ಒಂದು ಯಂತ್ರ ಇಟ್ಟರು. ನೋಡಲು ಹಳೇ ಟೈಪ್‌ರೈಟರ್ ಅನ್ನು ಕಿರೀಟ ಮಾಡಿದ ಹಾಗೆ. ಸುತ್ತಲೂ ಹಾರ್ಮೋನಿಯಂ ಮನೆಗಳಂಥ ಪಟ್ಟಿಗಳು. ಅವು ಒಂದೊಂದಾಗಿ ತಲೆಗೆ ಒತ್ತಿ ಕೂತವು. ಮೇಲಿನ ಮುಚ್ಚಳದೊಳಗೆ ಒಂದು ಚೂರು ಕಾಗದ ಇಟ್ಟು ಮುಚ್ಚಿದರು, ಟಕ್ ಅಂತ ಸದ್ದು. ತೆಗೆದು ಕೈಗೆ ಕೊಟ್ಟರು. ಸೂಜಿ ಚುಚ್ಚಿದ ತೂತುಗಳಲ್ಲಿ ನನ್ನ ತಲೆಯ ಆಕಾರ, ಎಳೆ ಮಗುವಿನ ಪಾದದಷ್ಟು. ಎಡಗಡೆ ಒಂದು ಉಬ್ಬು. ನಲವತ್ತೆರಡು ವರ್ಷ ಹೊತ್ತು ತಿರುಗಿದ ತಲೆ, ಎಡಗಡೆ ಉಬ್ಬಿದೆ ಅಂತ ಗೊತ್ತೇ ಇರಲಿಲ್ಲ!

ಇದರ ಹೆಸರು ಕನ್‌ಫರ್ಮೇಟರ್, ಹುಟ್ಟಿದ್ದು 19ನೇ ಶತಮಾನದ ಫ್ರಾನ್ಸ್‌ನಲ್ಲಿ. ಈಗಲೂ ಒಳ್ಳೆ ಅಂಗಡಿಗಳು ಹಳೆಯದನ್ನೇ ರಿಪೇರಿ ಮಾಡಿಸಿ ಬಳಸುತ್ತವೆ. ಎಲ್ಲರ ಹತ್ತಿರವೂ ಇರುವುದಿಲ್ಲ, ಇರಲೇಬೇಕು ಅಂತಲೂ ಇಲ್ಲ. ದೂರದಿಂದ ಮಾಡಿಸುವವರಿಗೆ ಕೆಲವರು ಬಗ್ಗುವ ಪಟ್ಟಿ ಅಥವಾ ಅಳತೆಯ ಕಿಟ್ ಅಂಚೆಯಲ್ಲಿ ಕಳಿಸುತ್ತಾರೆ. ನಿಮ್ಮ ತಲೆಯ ಆಕಾರ ಕೇಳದೆ ಬರೀ ನಂಬರ್ ಕೇಳುವವರಿಗೆ ಮಾತ್ರ ಆರ್ಡರ್ ಕೊಡಬೇಡಿ.

ಇದೇ ಕಾರಣಕ್ಕೆ ಯಾರಿಗೂ ಹೇಳದೆ ಹ್ಯಾಟ್ ಉಡುಗೊರೆ ಕೊಡಬಾರದು ಅನ್ನುವುದು ನನ್ನ ಮತ. 1963ರ ನವೆಂಬರ್ 22ರ ಬೆಳಿಗ್ಗೆ ಇದೇ ಫೋರ್ಟ್ ವರ್ತ್‌ನಲ್ಲಿ ಅಧ್ಯಕ್ಷ ಕೆನಡಿಗೆ ತಿಂಡಿ ಕೂಟದಲ್ಲಿ ಒಂದು ಹ್ಯಾಟ್ ಕೊಟ್ಟರು. ಅವರು ನಗುತ್ತಾ, ಸೋಮವಾರ ವೈಟ್ ಹೌಸ್‌ನಲ್ಲಿ ಹಾಕಿಕೊಳ್ಳುತ್ತೇನೆ ಅಂದು ಕೈಯಲ್ಲೇ ಇಟ್ಟುಕೊಂಡರು. ಅದೇ ಮಧ್ಯಾಹ್ನ ಡಲ್ಲಾಸ್‌ನಲ್ಲಿ ಗುಂಡಿಗೆ ಬಲಿಯಾದರು, ಆ ಸೋಮವಾರ ಬರಲಿಲ್ಲ.

ಆಕಾರ ಆಮೇಲೆ

ಕ್ಯಾಟಲ್‌ಮನ್, ಟಿಯರ್‌ಡ್ರಾಪ್, ಫೆಡೋರಾ ಅಂತ ಹ್ಯಾಟ್‌ನ ನೆತ್ತಿಯ ಮಡಿಕೆಗಳಿಗೆ ಹತ್ತಾರು ಹೆಸರಿವೆ. ಅವನ್ನು ಆವಿ ಹಿಡಿದು ಬದಲಾಯಿಸಬಹುದು, ತಲೆ ಕೆಡಿಸಿಕೊಳ್ಳಬೇಡಿ. ಅಂಚಿನ ಅಗಲ ಹಾಗಲ್ಲ, ಕತ್ತರಿಸಿದ ಮೇಲೆ ಬೆಳೆಯುವುದಿಲ್ಲ. ಕೌಬಾಯ್ ಹ್ಯಾಟ್‌ಗೆ ನಾಲ್ಕು ಇಂಚು ಮಾಮೂಲಿ. ನಾನು ಐದೂವರೆ ಅಡಿ ಆಳು, ನಾಲ್ಕು ಇಂಚು ಹಾಕಿದರೆ ಅಣಬೆ. ಆ ಅಜ್ಜ ಕನ್ನಡಿ ಮುಂದೆ ನಿಲ್ಲಿಸಿ, ಭುಜದ ಅಗಲ ನೋಡಿ, ಮೂರು ಸಾಕು ಅಂದರು. ಹೀಗೆ ಬೇಡ ಅನ್ನುವ ಧೈರ್ಯ ಇರುವವರು ಸಿಕ್ಕರೆ ಬಿಡಬೇಡಿ.

ದುಡ್ಡು, ಕಾಯುವುದು

ನಾನು ವಿಚಾರಿಸಿದ ಕಡೆಗಳಲ್ಲಿ ಮಿಶ್ರ ಫೆಲ್ಟ್‌ಗೆ 500ರಿಂದ 700 ಡಾಲರ್, ಪೂರ್ತಿ ಬೀವರ್‌ಗೆ 1,000 ಡಾಲರ್ ಹಾಗೂ ಮೇಲೆ. ಆರು ತಿಂಗಳು ಕಾಯುವುದು ಸಾಮಾನ್ಯ. ಅರ್ಧ ಮುಂಗಡ ಕೊಡಿ, ಪೂರ್ತಿ ಕೊಡಬೇಡಿ. ಎರಡು ಪ್ರಶ್ನೆಗೆ ಉತ್ತರವನ್ನು ಇಮೇಲ್‌ನಲ್ಲೇ ಬರೆಸಿಕೊಳ್ಳಿ: ಸರಿಯಾಗಿ ಕೂರದಿದ್ದರೆ ಏನು ಮಾಡುತ್ತೀರಿ? ಐದು ವರ್ಷ ಬಿಟ್ಟು ತಂದರೆ ತೊಳೆದು, ಮತ್ತೆ ಅಚ್ಚಿಗೆ ಹಾಕಿ, ಒಳಪಟ್ಟಿ ಬದಲಾಯಿಸಿ ಕೊಡುತ್ತೀರಾ? ಎರಡನೆಯದಕ್ಕೆ ಹೂಂ ಅನ್ನುವವರು ತಮ್ಮ ಫೆಲ್ಟ್ ಅಷ್ಟು ವರ್ಷ ಬಾಳುತ್ತದೆ ಅಂತ ನಂಬಿರುತ್ತಾರೆ.

ಹ್ಯಾಟ್ ಬಂದ ದಿನ

ರಿಬ್ಬನ್ ಗಂಟು ಎಡಕ್ಕೆ, ಒಳಪಟ್ಟಿಯ ಪುಟ್ಟ ಬೋ ಹಿಂದಕ್ಕೆ ಬರುವ ಹಾಗೆ ಹಾಕಿಕೊಳ್ಳಿ. ಅರ್ಧ ಗಂಟೆ ಮನೆಯೊಳಗೇ ಓಡಾಡಿ. ತೆಗೆದಾಗ ಹಣೆಯಲ್ಲಿ ತೆಳುವಾದ ಗುರುತು ಇದ್ದರೆ ಪರವಾಗಿಲ್ಲ. ತಲೆನೋವು ಬಂದರೆ ಅದೇ ದಿನ ಬರೆಯಿರಿ. ಮೇಜಿನ ಮೇಲೆ ಬೋರಲು ಹಾಕಬೇಡಿ, ಅಂಗಾತ ಇಡಿ, ಇಲ್ಲದಿದ್ದರೆ ಅಂಚು ಚಪ್ಪಟೆಯಾಗುತ್ತದೆ. ಮಳೆಯಲ್ಲಿ ನೆಂದರೆ ಹೇರ್ ಡ್ರೈಯರ್ ಹಿಡಿಯಬೇಡಿ, ತಾನಾಗಿ ಒಣಗಲಿ. ಬೇಸಿಗೆಗೆ ಎತ್ತಿಡುವಾಗ ನುಸಿ ಬೀಳದ ಹಾಗೆ ನೋಡಿಕೊಳ್ಳಿ, ರೇಷ್ಮೆ ಸೀರೆಗೆ ಮಾಡುವಷ್ಟೇ ಜತನ ಸಾಕು.

ನನ್ನ ಮೊದಲ ಹ್ಯಾಟ್ ಅನ್ನೂ ಆ ಅಜ್ಜನ ಹತ್ತಿರ ಒಯ್ದಿದ್ದೆ. ಹಿಡಿದು ನೋಡಿ, ಏನೂ ಹೇಳದೆ, ಆವಿ ಹಿಡಿದು ಉದ್ದಕ್ಕೆ ಎಳೆದುಕೊಟ್ಟರು. ಹತ್ತು ಡಾಲರ್ ತಗೊಂಡರು. ಈಗ ಸರಿಯಾಗಿ ಕೂರುತ್ತದೆ. ಹಿತ್ತಿಲ ಹುಲ್ಲು ಕತ್ತರಿಸುವಾಗ ಅದೇ.