ಕಲ್ಲು ಹಾಕಿ ಕಿವಿಗೊಡುವ ಆಟ

ನಾನು ಮಾಡಿದ ವಿಡಿಯೋ ಗೇಮ್‌ನಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಒಬ್ಬ ಹುಡುಗಿ ಬುತ್ತಿ ಗಂಟು ಹಿಡಿದು ಅಜ್ಜಿಯ ಹೊಲಕ್ಕೆ ಹೊರಡುತ್ತಾಳೆ. ದಾರಿಯುದ್ದಕ್ಕೂ ಸುರಂಗ ಬಾವಿಯ ಬಾಯಿಗಳು. ಒಂದೊಂದಕ್ಕೂ ಕಲ್ಲು ಹಾಕಿ ಕಿವಿಗೊಡಬೇಕು. ಕೆಳಗೆ ನೀರಿದೆಯೋ ಇಲ್ಲವೋ ಸದ್ದೇ ಹೇಳುತ್ತದೆ. ಇಷ್ಟೇ ಆಟ. ಇದಕ್ಕೆ ನನಗೆ ಒಂದೂವರೆ ವರ್ಷ ಹಿಡಿಯಿತು.

ಬೀದರಿನವರಿಗೆ ಈ ಬಾಯಿಗಳು ಗೊತ್ತು. ನೌಬಾದ್ ಕಡೆ ಹೋದರೆ ಸಾಲಾಗಿ ಕಾಣುತ್ತವೆ. ಬಹಮನಿ ಕಾಲದ ಕರೇಜ್ ಅದು, ಅಂದರೆ ನೆಲದಡಿ ನೀರು ಹರಿಸುವ ಸುರಂಗ. ಸುರಂಗ ಸುಮಾರು 3 ಕಿ.ಮೀ. ಉದ್ದ, ಬಾಯಿಗಳು 21. ನಮ್ಮ ಊರು ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ನೀರು ಆ ಕೆಂಪು ಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಗಟ್ಟಿ ಕಪ್ಪು ಕಲ್ಲು ಅಡ್ಡ ಬಂದಾಗ ಮುಂದೆ ಇಳಿಯಲಾಗದೆ ಪಕ್ಕಕ್ಕೆ ಹರಿಯುತ್ತದೆ. ಆ ನೀರಿಗೇ ಸುರಂಗ ತೋಡಿ, ಇಳಿಜಾರು ಕೊಟ್ಟು, ಊರಿನ ಕಡೆ ತಿರುಗಿಸಿದರು. ಪಂಪಿಲ್ಲ, ಏನಿಲ್ಲ. ಮಣ್ಣು ಎತ್ತಲು, ಒಳಗೆ ಗಾಳಿ ಬೆಳಕು ಬಿಡಲು, ನೀರು ಸೇದಲು ಈ ಬಾಯಿಗಳು. ಶಾಲೆಯಲ್ಲಿ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಅದಕ್ಕೇ ಆಟದಲ್ಲಿ ಹೇಳಬೇಕು ಅನಿಸಿತು.

ಧೈರ್ಯ ಕೊಟ್ಟಿದ್ದು 2019ರ ‘ಎ ಶಾರ್ಟ್ ಹೈಕ್’ ಎಂಬ ಆಟ. ಆಡಮ್ ರಾಬಿನ್ಸನ್-ಯು ಮಾಡಿದ್ದು. ಕ್ಲೇರ್ ಎಂಬ ಹಕ್ಕಿ ಫೋನಿಗೆ ಸಿಗ್ನಲ್ ಸಿಗಲಿ ಅಂತ ಬೆಟ್ಟದ ತುದಿಗೆ ಹೊರಡುತ್ತದೆ. ದಾರಿಯಲ್ಲಿ ಸಿಕ್ಕವರ ಜೊತೆ ಮಾತು, ಸಣ್ಣಪುಟ್ಟ ಸಹಾಯ. ಶತ್ರುವೇ ಇಲ್ಲ. ಒಂದು ಭಾನುವಾರ ಕೂತು ಮುಗಿಸಿದೆ. ಆ ಬೆಟ್ಟ ಇಳಿಯಲು ಮನಸ್ಸೇ ಬರಲಿಲ್ಲ.

ಆದರೆ ನಾನು ಮೊದಲು ಮಾಡಿದ್ದು ಬೇರೆಯೇ ಆಯಿತು. ಹೊಡೆದಾಟ ಇಲ್ಲ ಅಂದಮೇಲೆ ಆಡುವವರನ್ನು ಹಿಡಿದಿಡಲು ಏನಾದರೂ ಬೇಕಲ್ವಾ? ಹೊತ್ತು ಮುಳುಗುವುದರೊಳಗೆ ಬುತ್ತಿ ಮುಟ್ಟಿಸಬೇಕು ಎಂದು ಗಡುವು ಇಟ್ಟೆ. ಕಲ್ಲುಗಳೂ ಹತ್ತೇ. ಅಕ್ಕನ ಮಗ ಆಡಿದ. ಮೊದಲ ಪ್ರಶ್ನೆ, “ಮಾಮಾ, ಎನಿಮಿ ಯಾವಾಗ ಬರ್ತಾನ?” ಬರುವುದಿಲ್ಲ ಅಂದೆ. ಆಮೇಲೆ ಒಂದೇ ಓಟ. ಬಾಯಿಗಳ ಪಕ್ಕದಲ್ಲೇ ಓಡಿದ, ಒಂದರಲ್ಲೂ ಇಣುಕಲಿಲ್ಲ. ತಪ್ಪು ಅವನದಲ್ಲ. ಕತ್ತಿ ತೆಗೆದಿದ್ದೆ, ಸೋಲಿನ ಭಯ ಹಾಗೇ ಬಿಟ್ಟಿದ್ದೆ. ಸೂರ್ಯನೇ ಶತ್ರುವಾಗಿ ಕೂತಿದ್ದ. ಅವತ್ತು ರಾತ್ರಿಯೇ ಗಡುವು ಅಳಿಸಿದೆ. ಈಗ ಆಟದಲ್ಲಿ ಹೊತ್ತು ಇಳಿಯುವುದು ಹುಡುಗಿ ಅಜ್ಜಿಯ ಹೊಲ ಸೇರಿದ ಮೇಲೆ ಮಾತ್ರ.

ಗಡುವು ಹೋದ ಮೇಲೆ ಆಟ ನಿಂತಿದ್ದು ಸದ್ದಿನ ಮೇಲೆ. ಜಾಸ್ತಿ ದಿನ ಹಿಡಿದಿದ್ದೂ ಅದೇ. ಕಲ್ಲು 10 ಮೀಟರ್ ಬೀಳಲು ಸುಮಾರು 1.4 ಸೆಕೆಂಡು ಬೇಕು. 20 ಮೀಟರಿಗೆ ಎರಡು ಸೆಕೆಂಡಿನ ಆಸುಪಾಸು. ಮೊದಲು ಎಲ್ಲ ಬಾಯಿಗೂ ಅರ್ಧ ಸೆಕೆಂಡು ಇಟ್ಟಿದ್ದೆ, ಆಡುವವರಿಗೆ ಬೇಜಾರಾಗಬಾರದು ಅಂತ. ಕೇಳಿದರೆ ಬಕೆಟ್ಟಿಗೆ ಕಲ್ಲು ಹಾಕಿದ ಹಾಗೆ. ಲೆಕ್ಕದ ಪ್ರಕಾರ ತಡ ಕೊಟ್ಟಾಗ ಆ ಎರಡು ಸೆಕೆಂಡಿನಲ್ಲಿ ಆಡುವವರು ಉಸಿರು ಹಿಡಿಯುವುದನ್ನು ನಾನೇ ನೋಡಿದೆ. ಹಾಳುಬಿದ್ದ ಬಾಯಲ್ಲಿ ಒಣ ಮಣ್ಣಿನ ‘ಧಪ್’. ನೀರಿದ್ದಲ್ಲಿ ‘ಗುಳುಂ’, ಹಿಂದೆಯೇ ಒಂದು ಮಾರ್ದನಿ. ಸದ್ದುಗಳನ್ನು ನಮ್ಮ ಮನೆಯ ತೊಟ್ಟಿ, ಕೊಡ, ಹಿತ್ತಲಿನ ಮಣ್ಣಿನಲ್ಲೇ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದು. ನಿಜವಾದ ಸುರಂಗ ಬಾವಿಗೆ ದಯವಿಟ್ಟು ಕಲ್ಲು ಹಾಕಬೇಡಿ. ಅಲ್ಲಿ ಹೂಳು ಈಗಾಗಲೇ ಸಾಕಷ್ಟಿದೆ.

ಚಿತ್ರಕ್ಕೆ ಬಿದ್ರಿ ಕೆಲಸದ ಬಣ್ಣ ಹಿಡಿದೆ. ಸತು ಮತ್ತು ತಾಮ್ರದ ಎರಕದ ಮೇಲೆ ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಹಾಕಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ನನ್ನ ಆಟದಲ್ಲೂ ನೆಲದಡಿ ಎಲ್ಲ ಕಪ್ಪು. ನೀರಿನ ಸದ್ದು ಕೇಳಿದಾಗ ಆ ಬಾಯಿಯಿಂದ ಹಿಂದಿನ ಬಾಯಿಗೆ ಒಂದು ಬೆಳ್ಳಿ ಗೆರೆ ಮೂಡುತ್ತದೆ. ಹೀಗೆ ಗೆರೆ ಸೇರುತ್ತಾ ಇಡೀ ಸುರಂಗ ಕಾಣುತ್ತದೆ. ಬೇರೆ ಬಹುಮಾನ ಇಟ್ಟಿಲ್ಲ.

ಕನ್ನಡದಲ್ಲೇ ಆಟ ಮಾಡಬೇಕೆನ್ನುವವರಿಗೆ ಒಂದು ಮಾತು. ನಾನು ಬಳಸಿದ್ದು ಗೋಡೋ ಎಂಬ ಗೇಮ್ ಮಾಡುವ ಸಾಫ್ಟ್‌ವೇರ್, ಪೂರ್ತಿ ಉಚಿತ. ಹಳೆಯ ಗೋಡೋ 3ರಲ್ಲಿ ಒತ್ತಕ್ಷರ ಕೂಡುತ್ತಿರಲಿಲ್ಲ. ‘ಅಕ್ಕ’ ಅಂತ ಬರೆದರೆ ‘ಅಕ್‌ಕ’ ಅಂತ ಕಾಣುತ್ತಿತ್ತು. 2023ರಲ್ಲಿ ಬಂದ ಗೋಡೋ 4ರಲ್ಲಿ ಅದು ಸರಿಯಾಗಿದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಅಂತರ ಸ್ವಲ್ಪ ಜಾಸ್ತಿ ಇಡಿ, ಇಲ್ಲದಿದ್ದರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಹಾಗೆ ಮಾಡಿದ್ದೆ. ‘ಕ’ ಬಂದು, ಅದು ‘ಕ್’ ಆಗಿ, ಆಮೇಲೆ ‘ಕ್ಕ’ ಆಗಿ ಕಣ್ಣು ಕುಕ್ಕಿತು. ಈಗ ಪದ ಪದವಾಗಿ ಮೂಡುತ್ತದೆ, ನಮ್ಮ ಮಾತಿನ ಓಟಕ್ಕೂ ಅದೇ ಸರಿ. ಮಾತೆಲ್ಲ ನಮ್ಮ ಕಡೆಯದೇ. ದಾರಿಯಲ್ಲಿ ಕುರಿ ಕಾಯುವ ಮುದುಕ, “ಎಲ್ಲಿಗಿ ಹೊಂಟಿ ಯವ್ವಾ? ಕುಂದ್ರು, ನೀರ್ ಕುಡಿ” ಅನ್ನುತ್ತಾನೆ. ಪುಸ್ತಕದ ಕನ್ನಡದಲ್ಲಿ ಬರೆದಾಗ ಅವನು ಯಾರೋ ಆಫೀಸರ್ ಥರ ಕಾಣುತ್ತಿದ್ದ.

ಕಲ್ಲಿನ ಲೆಕ್ಕ ಮಾತ್ರ ಹತ್ತಕ್ಕೇ ನಿಂತಿತ್ತು. ಹೋದ ತಿಂಗಳು ಚಿಗವ್ವ ಬಂದಾಗ ಫೋನಿನಲ್ಲಿ ಹಾಕಿಕೊಟ್ಟೆ. ಅವಳು ಹಿಂದೆ ಯಾವ ಗೇಮನ್ನೂ ಆಡಿದವಳಲ್ಲ. ಮೂರನೇ ಬಾಯಿಯ ಹತ್ತಿರ ನಿಂತಳು, ಮುಂದೆ ಹೋಗಲೇ ಇಲ್ಲ. ಸುಮ್ನೆ ಕಲ್ಲು ಹಾಕುವುದು, ಕೇಳುವುದು, ಮತ್ತೆ ಹಾಕುವುದು. ಕಲ್ಲು ಮುಗಿದಾಗ ಫೋನ್ ನನ್ನ ಕಡೆ ಚಾಚಿ, “ಇನ್ನಷ್ಟು ಕಲ್ಲ ಹಾಕಿ ಕೊಡಪ್ಪ” ಅಂದಳು. ಅಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದು ಆ ಮಿತಿಯನ್ನೂ ಅಳಿಸಿದೆ.