ಮನೆ ಸುತ್ತ ಚೈನ್‌ಲಿಂಕ್ ಬೇಲಿ ಹಾಕಿಸುವವರಿಗೆ

ಮೊದಲು ಹದ್ದುಬಸ್ತು ಅಳತೆ ಮಾಡಿಸಿ, ಪಕ್ಕದವರನ್ನೂ ನಿಲ್ಲಿಸಿಕೊಂಡು ಗುರುತು ಹಾಕಿ. ಅರ್ಧ ಅಡಿ ಆಚೀಚೆ ಆದರೂ ಸಂಬಂಧ ಕೆಡುತ್ತದೆ.

ಜಾಲರಿ ಕೊಳ್ಳುವಾಗ ಗೇಜ್ ಕೇಳಿ. ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ, ಅಂದರೆ 12ಕ್ಕಿಂತ 10 ಗಟ್ಟಿ. ದನ ಮೈ ತಿಕ್ಕುವ ಕಡೆ 10 ಗೇಜೇ ಇರಲಿ, ದುಡ್ಡು ನೋಡಬೇಡಿ. ಸತುವಿನ ಲೇಪ ಚೆನ್ನಾಗಿರಬೇಕು, ಮಲೆನಾಡು, ಕರಾವಳಿಯಲ್ಲಂತೂ ತೆಳು ಲೇಪ ಬೇಗ ತುಕ್ಕು ಹಿಡಿಯುತ್ತದೆ.

ಬೇಲಿ ಕೆಡುವುದು ಹೆಚ್ಚಾಗಿ ಮೂಲೆಯಲ್ಲೇ. ಜಾಲರಿ ಎಳೆದು ಕಟ್ಟಿದ ಬಿಗಿಯೆಲ್ಲ ಮೂಲೆಗಂಬದ ಮೇಲೆ ಬೀಳುತ್ತದೆ. ನಮ್ಮಲ್ಲಿ ಆಸರೆಗಂಬ ಕೊಡದೆ ನಿಲ್ಲಿಸಿದ್ದ ಮೂಲೆಗಲ್ಲು ಒಂದೇ ಮಳೆಗಾಲಕ್ಕೆ ಒಳಕ್ಕೆ ವಾಲಿ, ಇಡೀ ಸಾಲು ಜೋತುಬಿತ್ತು. ಎರಡನೇ ಸಲ ಎರಡೂ ದಿಕ್ಕಿಗೆ ಓರೆಯಾಗಿ ಆಸರೆಗಲ್ಲು ಕೊಟ್ಟು ಬುಡಕ್ಕೆ ಕಾಂಕ್ರೀಟ್ ಹಾಕಿಸಿದೆವು, ಈಗಲೂ ಅಲ್ಲಾಡಿಲ್ಲ. 7 ಅಡಿ ಕಲ್ಲುಕಂಬವಾದರೆ 2 ಅಡಿ ನೆಲದೊಳಗಿರಲಿ, ಕಂಬದಿಂದ ಕಂಬಕ್ಕೆ 8 ಅಡಿ. ಮೇಲೆ, ನಡುವೆ, ಕೆಳಗೆ ಮೂರು ಸಾಲು ತಂತಿ ಬಿಗಿದು ಆಮೇಲೆ ಜಾಲರಿ ಕಟ್ಟಿಸಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹಬ್ಬಿದ ಬಳ್ಳಿ ಕಿತ್ತು, ತಂತಿಯ ಕತ್ತರಿಸಿದ ತುದಿಗಳಿಗೆ ಸತುವಿನ ಬಣ್ಣ ಬಳಿಯಿರಿ. ಬುಡದ ಮಣ್ಣು ಕೊಚ್ಚಿಹೋಗಿದ್ದರೆ ತುಂಬಿ ದಮ್ಮಸ್ಸು ಮಾಡಿ.